ಕೌಶಲ್ಯ ತರಬೇತಿ ಕೇಂದ್ರ ಚೆನ್ನಾಗಿದೆಯಾ ಅಂತ ತಿಳಿಯಲು ಯಾವ ಲೆಕ್ಕ ನೋಡಬೇಕು?

ತುಂಗಾತೀರ

ನಾವು ತಾಲ್ಲೂಕು ಮಟ್ಟದಲ್ಲಿ ಯುವಜನರ ಜೊತೆ ಕೆಲಸ ಮಾಡುವ ಚಿಕ್ಕ ತಂಡ. ಪಿಯುಸಿ ಮುಗಿಸಿದವರು, ಡಿಗ್ರಿ ಅರ್ಧಕ್ಕೆ ಬಿಟ್ಟವರು ಬಂದು ಕೇಳುತ್ತಾರೆ: "ಅಣ್ಣಾ, ಈ ಸೆಂಟರ್‌ಗೆ ಸೇರ್ಲಾ? ಮೂರು ತಿಂಗಳು ಕಳೀತದೆ, ಆಮೇಲೆ ಕೆಲಸ ಸಿಗುತ್ತಾ?" ಹೌದು ಅನ್ನಲೂ ಆಗಲ್ಲ, ಬೇಡ ಅನ್ನಲೂ ಆಗಲ್ಲ.

ಯೋಜನೆಗಳಿಗೇನೂ ಕೊರತೆ ಇಲ್ಲ. ಗ್ರಾಮೀಣ ಯುವಕರಿಗೆ 2014ರಿಂದ ದೀನದಯಾಳ್ ಗ್ರಾಮೀಣ ಕೌಶಲ್ಯ ಯೋಜನೆ ಇದೆ. 2015ರ ಜುಲೈನಿಂದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ ಇದೆ. ನಮ್ಮ ರಾಜ್ಯದ್ದೇ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ 2017ರಲ್ಲಿ ಬಂತು. ಐಟಿಐ, ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿ, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟ್ ಬೇರೆ. ಎಲ್ಲರೂ "ಇಷ್ಟು ಲಕ್ಷ ಜನಕ್ಕೆ ತರಬೇತಿ ಕೊಟ್ಟೆವು" ಅಂತ ಹೇಳುತ್ತಾರೆ. ಆದರೆ ನಮ್ಮೂರ ಸೆಂಟರಿನಲ್ಲಿ ಕಳೆದ ವರ್ಷ ಕಲಿತವರಲ್ಲಿ ಇವತ್ತು ಎಷ್ಟು ಜನ ದುಡಿಯುತ್ತಿದ್ದಾರೆ, ಎಷ್ಟು ಸಂಬಳಕ್ಕೆ? ಇದಕ್ಕೆ ಮಾತ್ರ ಎಲ್ಲೂ ಉತ್ತರ ಸಿಗುತ್ತಿಲ್ಲ.

ಈ ಕೆಲಸ ಹತ್ತಿರದಿಂದ ನೋಡಿದವರು ಹೇಳಿ. ಒಂದು ಕೇಂದ್ರವನ್ನು ಅಳೆಯಲು ಯಾವ ಅಂಕಿ ನಂಬಬೇಕು?

ಪೀಣ್ಯ_ಫಿಟ್ಟರ್

ಮೊದಲು ಐಟಿಐಯನ್ನೂ ಶಾರ್ಟ್ ಟರ್ಮ್ ಕೋರ್ಸನ್ನೂ ಬೇರೆ ಮಾಡಿ ನೋಡಿ ಸರ್. ಎರಡು ವರ್ಷ ಫಿಟ್ಟರ್ ಓದಿ, ಒಂದು ವರ್ಷ ಅಪ್ರೆಂಟಿಸ್ ಮಾಡಿದ ಹುಡುಗ ಶಾಪ್ ಫ್ಲೋರಿಗೆ ಬಂದರೆ ವರ್ನಿಯರ್ ಹಿಡಿಯಲು ಬರುತ್ತೆ, ಡ್ರಾಯಿಂಗ್ ಓದಲು ಬರುತ್ತೆ. ಇನ್ನೂರು ಮುನ್ನೂರು ಗಂಟೆಯ ಕೋರ್ಸ್ ಮಾಡಿದವರಿಂದ ಅದನ್ನು ಕೇಳುವುದೇ ತಪ್ಪು. ಎರಡನ್ನೂ ಸೇರಿಸಿ "ಕೌಶಲ್ಯ ಪಡೆದವರು" ಅಂತ ಒಂದೇ ಸಂಖ್ಯೆ ಹೇಳಿದರೆ ಯಾರಿಗೂ ಏನೂ ತಿಳಿಯಲ್ಲ.

ನನ್ನ ಪ್ರಕಾರ ನೋಡಬೇಕಾದ್ದು ಒಂದೇ. ಒಂದು ವರ್ಷದ ನಂತರ ಅದೇ ಕೆಲಸದಲ್ಲಿ, ಇಲ್ಲವೇ ಅದಕ್ಕಿಂತ ಒಳ್ಳೆಯ ಕೆಲಸದಲ್ಲಿ ಇದ್ದಾನಾ?

ಬ್ಯಾಚ್_ನಡೆಸಿದವ

ಇಂತಹ ಸೆಂಟರ್ ನಡೆಸುವ ಕೆಲಸದಲ್ಲಿ ಕೆಲವು ವರ್ಷ ಇದ್ದೆ. ಹೆಸರು ಬೇಡ, ದುಡ್ಡು ಹೇಗೆ ಹರಿಯುತ್ತೆ ಅಂತ ಹೇಳುತ್ತೇನೆ. ದುಡ್ಡಿನ ದಾರಿ ಗೊತ್ತಾದರೆ ಉಳಿದದ್ದು ತಾನೇ ಅರ್ಥವಾಗುತ್ತೆ.

2015ರಲ್ಲಿ ಕೇಂದ್ರ ಸರ್ಕಾರ ಎಲ್ಲಾ ಯೋಜನೆಗಳಿಗೂ ಒಂದೇ ನಿಯಮ ಇರಲಿ ಅಂತ "ಕಾಮನ್ ನಾರ್ಮ್ಸ್" ತಂದಿತು. ಅದರ ಪ್ರಕಾರ ತರಬೇತಿ ಸಂಸ್ಥೆಗೆ ಹಣ ಮೂರು ಕಂತಿನಲ್ಲಿ. ಬ್ಯಾಚ್ ಶುರುವಾದಾಗ ಶೇಕಡ 30. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಬಂದಾಗ ಶೇಕಡ 50. ಕೆಲಸ ಕೊಡಿಸಿದ ಮೇಲೆ ಉಳಿದ 20. ಕೊನೆಯ ಕಂತು ಪೂರ್ತಿ ಬರಬೇಕಾದರೆ ಶೇಕಡ 70 ಜನಕ್ಕೆ ಕೆಲಸ ಸಿಕ್ಕಿರಬೇಕು. 50ಕ್ಕಿಂತ ಕಡಿಮೆಯಾದರೆ ಆ ಕಂತು ಸೊನ್ನೆ.

ಈಗ ಸೆಂಟರ್ ಮ್ಯಾನೇಜರ್ ಜಾಗದಲ್ಲಿ ನಿಂತು ನೋಡಿ. ನೂರರಲ್ಲಿ ಎಂಬತ್ತು ರೂಪಾಯಿ ಕೆಲಸದ ಮಾತು ಬರುವ ಮೊದಲೇ ಕೈಗೆ ಬರುತ್ತೆ. ಬಾಡಿಗೆ, ಕರೆಂಟ್ ಬಿಲ್, ಟ್ರೈನರ್ ಸಂಬಳ ಎಲ್ಲಾ ಅದರಲ್ಲೇ ನಡೆಯಬೇಕು. ಕೊನೆಯ 20 ಬರಲು ಆಫರ್ ಲೆಟರ್, ಸಂಬಳದ ಚೀಟಿ, ಬ್ಯಾಂಕ್ ವಿವರ ಎಲ್ಲಾ ಅಪ್‌ಲೋಡ್ ಮಾಡಿ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಕೆಲವರು ಆ 20ನ್ನು ಬಿಟ್ಟೇಬಿಡುತ್ತಾರೆ. ಮುಂದಿನ ಬ್ಯಾಚ್ ತುಂಬಿಸುವುದು ಅದಕ್ಕಿಂತ ಲಾಭ. ಇನ್ನು ಕೆಲವರು ಆಫರ್ ಲೆಟರ್ ಕೊಡುವ ಪರಿಚಯದ ಏಜೆನ್ಸಿ ಹುಡುಕುತ್ತಾರೆ. ಹುಡುಗ ಹೋಗಿ ಸೇರುತ್ತಾನೆ, ಲೆಕ್ಕಕ್ಕೆ ಬೇಕಾದಷ್ಟು ದಿನ ಇರುತ್ತಾನೆ, ವಾಪಸ್ ಬರುತ್ತಾನೆ. ಫೈಲಿನಲ್ಲಿ ಅವನು "ಪ್ಲೇಸ್ಡ್".

ಪ್ರಾಮಾಣಿಕವಾಗಿ ನಡೆಸುವವರೂ ಇದ್ದಾರೆ. ಅವರಿಗೆ ಖರ್ಚು ಜಾಸ್ತಿ, ಸಿಗುವ ದುಡ್ಡು ಮಾತ್ರ ಅಷ್ಟೇ. ನನಗೆ ಅತಿ ಬೇಸರ ತರುವುದು ಇದು. ಒಳ್ಳೆಯವರನ್ನು ಉಳಿದವರಿಂದ ಬೇರೆ ಮಾಡಿ ತೋರಿಸುವ ಲೆಕ್ಕವೇ ಇಲ್ಲ.

ಮಲ್ನಾಡ್_ಮೇಷ್ಟ್ರು

ಸರ್ಟಿಫಿಕೇಟ್ ಸಂಖ್ಯೆಯಲ್ಲಿ ಮೊದಲೇ ಕೆಲಸದಲ್ಲಿ ಇರುವವರೂ ಸೇರುತ್ತಾರಂತೆ, ನಿಜವಾ?

ಬ್ಯಾಚ್_ನಡೆಸಿದವ

ನಿಜ ಸರ್. ಅದಕ್ಕೆ ಆರ್‌ಪಿಎಲ್ ಅನ್ನುತ್ತಾರೆ. ವರ್ಷಗಳಿಂದ ಗಾರೆ ಕೆಲಸ, ಹೊಲಿಗೆ ಮಾಡುತ್ತಿರುವವರಿಗೆ ಚಿಕ್ಕ ಓರಿಯೆಂಟೇಶನ್ ಕೊಟ್ಟು, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವುದು. ಉದ್ದೇಶ ಒಳ್ಳೆಯದೇ. ಆ ಕಾರ್ಮಿಕನ ಕೈಯಲ್ಲಿ ಒಂದು ಗುರುತು ಇರುತ್ತೆ. ಆದರೆ ಅವನು ಹೊಸದಾಗಿ ಕಲಿತವನಲ್ಲ. ಒಟ್ಟು ಸಂಖ್ಯೆಯಿಂದ ಇದನ್ನು ತೆಗೆದು ನೋಡಲೇಬೇಕು.

ಆಡಿಟ್_ಅಜ್ಜ

ಲೆಕ್ಕಪರಿಶೋಧನೆಯಲ್ಲೇ ಆಯುಷ್ಯ ಕಳೆದು ನಿವೃತ್ತನಾದವನು ನಾನು. ಸರ್ಕಾರದ ಖರ್ಚು-ವೆಚ್ಚದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಬಗ್ಗೆ ಇಲ್ಲಿ ಹೇಳಲೇಬೇಕು.

ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯ ಮೊದಲ ಮೂರು ಹಂತಗಳ ಮೇಲೆ ಸಿಎಜಿ ಮಾಡಿದ ಪರಿಶೋಧನೆ 2025ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂತು. ಪರಿಶೀಲಿಸಿದ ದಾಖಲೆಗಳಲ್ಲಿ ಶೇಕಡ 94ಕ್ಕೂ ಹೆಚ್ಚು ಕಡೆ ಬ್ಯಾಂಕ್ ಖಾತೆಯ ಜಾಗ ಖಾಲಿ, ಇಲ್ಲವೇ ಸೊನ್ನೆ, ಇಲ್ಲವೇ ಅರ್ಥವಿಲ್ಲದ ಅಕ್ಷರ. 11111111111 ಅಂತ ತುಂಬಿದ್ದೂ ಇದೆ. ಒಂದೇ ಫೋಟೋ ಹಲವು ಹೆಸರುಗಳಿಗೆ ಅಂಟಿದೆ. ಅಭ್ಯರ್ಥಿಗಳಿಗೆ ಇಮೇಲ್ ಕಳಿಸಿ ವಿಚಾರಿಸಿದರೆ ಬಂದ ಉತ್ತರಗಳೇ ಬೆರಳೆಣಿಕೆ. ಅದರಲ್ಲೂ ಬಹುಪಾಲು ಒಂದೇ ವಿಳಾಸದಿಂದ, ಇಲ್ಲವೇ ತರಬೇತಿ ಸಂಸ್ಥೆಗಳ ವಿಳಾಸದಿಂದ ಬಂದವು.

ಕೆಲಸದ ಅಂಕಿ ಏನು? ಅಲ್ಪಾವಧಿ ತರಬೇತಿ ಮತ್ತು ವಿಶೇಷ ಯೋಜನೆಗಳಲ್ಲಿ ಸರ್ಟಿಫಿಕೇಟ್ ಪಡೆದ ಸುಮಾರು 56 ಲಕ್ಷ ಜನರಲ್ಲಿ ಕೆಲಸ ಸಿಕ್ಕಿದ್ದು ಸುಮಾರು 23 ಲಕ್ಷಕ್ಕೆ. ಶೇಕಡ 41. ಆ 41 ಕೂಡ ಬಂದಿದ್ದು ಇದೇ ದಾಖಲೆಗಳಿಂದ.

ಖಾತೆ ಸಂಖ್ಯೆ ಇಲ್ಲದಿದ್ದರೆ ಏನಾಯ್ತು ಅಂತ ಕೆಲವರು ಕೇಳಬಹುದು. ಪಾಸಾದವರಿಗೆ ನೇರವಾಗಿ ಖಾತೆಗೆ 500 ರೂಪಾಯಿ ಹಾಕಬೇಕಿತ್ತು. ಅದು ಚಿಕ್ಕ ವಿಷಯ ಅನ್ನೋಣ. ದೊಡ್ಡ ವಿಷಯ ಬೇರೆ ಇದೆ. ಖಾತೆ, ಫೋನು, ಫೋಟೋ ಸರಿ ಇಲ್ಲದ ವ್ಯಕ್ತಿಯನ್ನು ಒಂದು ವರ್ಷದ ನಂತರ ಯಾರು ಹುಡುಕುತ್ತಾರೆ? ಹಾಜರಿ ಪುಸ್ತಕವೇ ಸುಳ್ಳಾದರೆ ಆಮೇಲಿನ ಮೌಲ್ಯಮಾಪನಕ್ಕೆ ಬುಡವೇ ಇರಲ್ಲ.

ತುಂಗಾತೀರ

ಧನ್ಯವಾದ ಸರ್. ಹಾಗಾದರೆ ಈಗಿನ ಹಂತದಲ್ಲಿ ಇದನ್ನು ಸರಿ ಮಾಡಿದ್ದಾರಾ?

ಆಡಿಟ್_ಅಜ್ಜ

ನಾಲ್ಕನೇ ಹಂತದಲ್ಲಿ ಆಧಾರ್ ದೃಢೀಕರಣ, ಹಾಜರಿ ಇತ್ಯಾದಿ ಬಿಗಿ ಮಾಡಿದ್ದೇವೆ ಅಂತ ಸರ್ಕಾರ ಹೇಳಿದೆ. ಆದರೆ ಪ್ಲೇಸ್‌ಮೆಂಟ್ ವಿಷಯದಲ್ಲಿ ಹಿಂದಕ್ಕೆ ಹೋಗಿದೆ. ಅಲ್ಪಾವಧಿ ತರಬೇತಿಯಲ್ಲಿ ಕೆಲಸದ ಲೆಕ್ಕ ಇಟ್ಟಿದ್ದು ಮೊದಲ ಮೂರು ಹಂತಗಳಲ್ಲಿ, ಅಂದರೆ 2015-16ರಿಂದ 2021-22ರವರೆಗೆ. ನಾಲ್ಕರಲ್ಲಿ ಅಭ್ಯರ್ಥಿ ತನ್ನ ದಾರಿ ತಾನೇ ಆರಿಸಿಕೊಳ್ಳುವಂತೆ ಮಾಡುವುದು ಗುರಿ ಅಂತ ಸಂಸತ್ತಿನಲ್ಲಿ ಉತ್ತರ ಕೊಟ್ಟಿದ್ದಾರೆ. ದಾರಿ ಆರಿಸಿಕೊಳ್ಳಲಿ, ಬೇಡ ಅನ್ನಲ್ಲ. ಆ ದಾರಿ ಎಲ್ಲಿಗೆ ಹೋಯಿತು ಅಂತ ಬರೆದಿಡಬೇಕಲ್ವಾ?

ಕೊಲಂಬಸ್_ಕನ್ನಡಿಗ

ನಾನು ಅಮೆರಿಕದ ಒಹಾಯೋದಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿಯವರು ಇದೇ ಗುಂಡಿಗೆ ನಮಗಿಂತ ಮೊದಲೇ ಬಿದ್ದವರು. ಅದರ ಕಥೆ ನಮಗೆ ಉಪಯೋಗಕ್ಕೆ ಬರುತ್ತೆ.

1982ರಲ್ಲಿ ಇಲ್ಲಿ ಉದ್ಯೋಗ ತರಬೇತಿಗೆ ಜೆಟಿಪಿಎ ಅನ್ನುವ ಕಾಯ್ದೆ ಬಂತು. ತರಬೇತಿ ಮುಗಿಸಿ ಹೊರಹೋದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನುವುದರ ಮೇಲೆ ಸ್ಥಳೀಯ ಕೇಂದ್ರಗಳಿಗೆ ಬಹುಮಾನದ ಹಣ. ಏನಾಯಿತು ಗೊತ್ತಾ? "ಹೊರಹೋದ ದಿನ" ಅಂತ ದಾಖಲೆಯಲ್ಲಿ ಬರೆಯುವುದು ಕೇಂದ್ರದ ಕೈಯಲ್ಲೇ ಇತ್ತು. ಕೆಲಸ ಸಿಗದವರ ಹೆಸರನ್ನು ಹೊರಹೋದವರ ಪಟ್ಟಿಗೆ ಹಾಕದೆ ತಡ ಮಾಡುತ್ತಿದ್ದರು. ಕೆಲಸ ಸಿಕ್ಕ ದಿನವೇ "ಹೊರಹೋದರು" ಅಂತ ಬರೆಯುತ್ತಿದ್ದರು. ಜೊತೆಗೆ, ಹೇಗೂ ಕೆಲಸ ಸಿಗುವಂಥ ಚುರುಕು ಜನರನ್ನೇ ಆರಿಸಿ ಸೇರಿಸಿಕೊಳ್ಳುವ ಚಾಳಿಯೂ ಬೆಳೆಯಿತು. ಹಾಲಿನ ಕೆನೆ ತೆಗೆದ ಹಾಗೆ.

ಆಮೇಲೆ ದೊಡ್ಡ ಪರೀಕ್ಷೆ ಮಾಡಿದರು. 16 ಊರುಗಳಲ್ಲಿ ಸುಮಾರು 20 ಸಾವಿರ ಅರ್ಜಿದಾರರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಯೋಜನೆ, ಇನ್ನೊಂದಕ್ಕೆ ಸ್ವಲ್ಪ ಕಾಲ ಇಲ್ಲ. ವಯಸ್ಕರ ಗಳಿಕೆ ಒಂದಿಷ್ಟು ಹೆಚ್ಚಾಯಿತು. ಶಾಲೆ ಬಿಟ್ಟ ಯುವಕರಲ್ಲಿ ಲಾಭ ಕಾಣಲೇ ಇಲ್ಲ. ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಜೊತೆಗಾರರು ಇನ್ನೊಂದು ವಿಷಯ ತೋರಿಸಿದರು. ತಕ್ಷಣದ ಪ್ಲೇಸ್‌ಮೆಂಟ್ ಅಂಕಿಗೂ ಮುಂದಿನ ವರ್ಷಗಳ ನಿಜವಾದ ಲಾಭಕ್ಕೂ ಹೇಳಿಕೊಳ್ಳುವಂಥ ಸಂಬಂಧವೇ ಇರಲಿಲ್ಲ.

"ಮೊದಲು ಎಷ್ಟು ಸಂಬಳ, ಆಮೇಲೆ ಎಷ್ಟು" ಅಂತ ಅಳೆದರೂ ಮೋಸ ಹೋಗುತ್ತೇವೆ. ಜನ ತರಬೇತಿಗೆ ಬರುವುದೇ ಕೆಲಸ ಹೋದಾಗ. ಆಗ ಗಳಿಕೆ ಅತಿ ಕಡಿಮೆ ಇರುತ್ತೆ. ತರಬೇತಿ ಇಲ್ಲದಿದ್ದರೂ ಅದು ಸ್ವಲ್ಪ ಮೇಲೆ ಏಳುತ್ತಿತ್ತು. 1978ರಲ್ಲೇ ಓರ್ಲಿ ಆಶೆನ್‌ಫೆಲ್ಟರ್ ಇದನ್ನು ತೋರಿಸಿದ್ದರು.

ಈಗ ಉದ್ಯೋಗ ತರಬೇತಿಗೆ 2014ರಲ್ಲಿ ಬಂದ ಕಾಯ್ದೆಯ ಪ್ರಕಾರ ಇಲ್ಲಿ ನೋಡುವುದು ಹೀಗೆ. ತರಬೇತಿ ಬಿಟ್ಟ ಎರಡನೇ ತ್ರೈಮಾಸಿಕದಲ್ಲಿ ಕೆಲಸ ಇದೆಯಾ, ನಾಲ್ಕನೇ ತ್ರೈಮಾಸಿಕದಲ್ಲಿ ಇದೆಯಾ, ನಡುಮಟ್ಟದ ಗಳಿಕೆ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಗಳಿಸುವ ಮಟ್ಟ) ಎಷ್ಟು. ಮಾಹಿತಿಗಾಗಿ ಮುಖ್ಯವಾಗಿ ನೋಡುವುದು ನಿರುದ್ಯೋಗ ವಿಮೆಗೆ ಮಾಲೀಕರು ಮೂರು ತಿಂಗಳಿಗೊಮ್ಮೆ ಕಳಿಸುವ ವೇತನ ದಾಖಲೆ. ಸೆಂಟರ್ ಬರೆದುಕೊಟ್ಟ ಕಾಗದದ ಮೇಲೆ ಎಲ್ಲವೂ ನಿಂತಿಲ್ಲ. ಇದೇ ದೊಡ್ಡ ವ್ಯತ್ಯಾಸ.

ತರಬೇತಿದಾರ_ಕಲಬುರಗಿ

ಎಲ್ಲರೂ "ಕೆಲಸದಲ್ಲಿ ಉಳಿದವರನ್ನು ಎಣಿಸಿ" ಅನ್ನುತ್ತಿದ್ದೀರಿ. ನಾನು ಇದನ್ನು ಪೂರ್ತಿ ಒಪ್ಪಲ್ಲ.

ನಮ್ಮ ಭಾಗದಲ್ಲಿ ಎಲೆಕ್ಟ್ರಿಷಿಯನ್ ಕಲಿತ ಹುಡುಗನಿಗೆ ಹತ್ತಿರದಲ್ಲಿ ಎಷ್ಟು ಫ್ಯಾಕ್ಟರಿ ಇವೆ ಹೇಳಿ? ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಪುಣೆ, ಹೈದರಾಬಾದ್. ಹನ್ನೆರಡು ಸಾವಿರ ಸಂಬಳದಲ್ಲಿ ರೂಮು, ಊಟ, ಬಸ್ಸು ಕಳೆದರೆ ಮನೆಗೆ ಕಳಿಸಲು ಏನೂ ಉಳಿಯಲ್ಲ. ತೊಗರಿ ರಾಶಿಗೆ ಊರಿಗೆ ಬರುತ್ತಾನೆ, ಮತ್ತೆ ಹೋಗಲ್ಲ. ಊರಲ್ಲೇ ಮೋಟರ್ ರಿಪೇರಿ, ಮನೆ ವೈರಿಂಗ್ ಮಾಡಿಕೊಂಡು ಇರುತ್ತಾನೆ. ಕಲಿತ ಕೆಲಸವೇ ಅದು. ನಿಮ್ಮ ಲೆಕ್ಕದಲ್ಲಿ ಅವನು ಬಿಟ್ಟುಹೋದವನು.

ನಮ್ಮ ಸೆಂಟರನ್ನೂ ಪೀಣ್ಯದ ಪಕ್ಕದ ಸೆಂಟರನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ರ‍್ಯಾಂಕ್ ಕೊಟ್ಟರೆ ನಾವು ಯಾವಾಗಲೂ ಕೊನೆ. ಆಮೇಲೆ "ಫಲಿತಾಂಶ ಇಲ್ಲ" ಅಂತ ಅನುದಾನ ಕಡಿತ. ಅತಿ ಜಾಸ್ತಿ ಬೇಕಾದ ಜಾಗದಲ್ಲೇ ಸೆಂಟರ್ ಮುಚ್ಚುತ್ತದೆ. ಇನ್ನೂ ಒಂದು ಆಗುತ್ತದೆ. ನಾವೂ ಎಸ್ಸೆಸ್ಸೆಲ್ಸಿ ಫೇಲಾದವರನ್ನು, ಮದುವೆಯಾದ ಹೆಣ್ಣುಮಕ್ಕಳನ್ನು, ಅಂಗವಿಕಲರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತೇವೆ.

ಕೊಲಂಬಸ್_ಕನ್ನಡಿಗ

ಕಲಬುರಗಿ ಸರ್, ನಿಮ್ಮ ಮಾತು ಸರಿ. ಅದಕ್ಕೇ ಇಲ್ಲಿ ಗುರಿ ಇಡುವಾಗ ಸ್ಥಳೀಯ ನಿರುದ್ಯೋಗ, ಸೇರಿದವರ ಓದು, ಕಷ್ಟ ಎಲ್ಲಾ ನೋಡಿ ಹೊಂದಿಸುತ್ತಾರೆ. ಅದು ಪೂರ್ತಿ ಸರಿಯಾಗಿ ನಡೆಯುತ್ತೆ ಅಂತ ಹೇಳಲ್ಲ. ಆದರೆ ಕಲಬುರಗಿಯನ್ನು ಯಾದಗಿರಿ, ಬೀದರ್ ಜೊತೆ ಹೋಲಿಸಬೇಕು, ಬೆಂಗಳೂರಿನ ಜೊತೆ ಅಲ್ಲ. ಅದೇ ಊರಲ್ಲಿ ಅರ್ಜಿ ಹಾಕಿ ಸೀಟು ಸಿಗದವರ ಜೊತೆ ಹೋಲಿಸಿದರೆ ಇನ್ನೂ ಒಳ್ಳೆಯದು. ಸೀಟಿಗಿಂತ ಅರ್ಜಿ ಜಾಸ್ತಿ ಬಂದ ಕಡೆ ಲಾಟರಿ ಮಾಡಿದರೆ ಖರ್ಚಿಲ್ಲದೆ ಹೋಲಿಕೆಯ ಗುಂಪು ಸಿಗುತ್ತೆ.

ತರಬೇತಿದಾರ_ಕಲಬುರಗಿ

ಲಾಟರಿ ಅಂದರೆ ಊರವರು ಒಪ್ಪುವುದು ಕಷ್ಟ. ಬಡ ಮನೆಯ ಹುಡುಗಿಯನ್ನು ಬಿಟ್ಟು ಇನ್ನೊಬ್ಬರಿಗೆ ಚೀಟಿಯಲ್ಲಿ ಸೀಟು ಕೊಟ್ಟರೆ ನಾನೇ ಒಪ್ಪಲ್ಲ. ಜಿಲ್ಲೆ ಜಿಲ್ಲೆ ಹೋಲಿಕೆಯಾದರೆ ಸರಿ.

ಎಚ್ಆರ್_ದೊಡ್ಡಬಳ್ಳಾಪುರ

ಗಾರ್ಮೆಂಟ್ಸ್ ಕಡೆಯಿಂದ ಹೇಳುತ್ತೇನೆ. ದೀನದಯಾಳ್ ಯೋಜನೆಯಲ್ಲಿ ಹೊಲಿಗೆ ಮೆಷಿನ್ ಕಲಿತು ಒಡಿಶಾ, ಜಾರ್ಖಂಡ್‌ನಿಂದ ಹೆಣ್ಣುಮಕ್ಕಳು ಬೆಂಗಳೂರಿನ ಸುತ್ತಮುತ್ತ ಬರುವುದು ಎಲ್ಲರಿಗೂ ಗೊತ್ತು. ಉತ್ತರ ಕರ್ನಾಟಕದಿಂದಲೂ ಬರುತ್ತಾರೆ. ಮೂರು ತಿಂಗಳು ಸತತ ಕೆಲಸದಲ್ಲಿ ಇದ್ದರೆ ಆ ಯೋಜನೆಯಲ್ಲಿ ಪ್ಲೇಸ್‌ಮೆಂಟ್ ಅಂತ ಲೆಕ್ಕ. ಬೇರೆ ರಾಜ್ಯಕ್ಕೆ ಹೋದವರಿಗೆ ಆರು ತಿಂಗಳು, ರಾಜ್ಯದೊಳಗೇ ಬೇರೆ ಜಿಲ್ಲೆಗೆ ಹೋದವರಿಗೆ ಮೂರು ತಿಂಗಳು, ತಿಂಗಳಿಗೆ ಸಾವಿರ ರೂಪಾಯಿ ನೆರವಿನ ನಿಯಮವೂ ಇತ್ತು. ಈ ಯೋಜನೆ ವಿನ್ಯಾಸದಲ್ಲಿ ಉಳಿದವಕ್ಕಿಂತ ಚೆನ್ನಾಗಿದೆ. ಒಂದು ವರ್ಷದವರೆಗೆ ಅಭ್ಯರ್ಥಿಯನ್ನು ವಿಚಾರಿಸುತ್ತಿರಬೇಕು ಅಂತ ಬರೆದಿದ್ದಾರೆ.

ಆದರೂ ಬಿಟ್ಟು ಹೋಗುವವರು ಬಹಳ. ಅವರಲ್ಲಿ ಹೊಲಿಗೆ ಬರದೆ ಹೋದವರು ಕಡಿಮೆ. ಹಾಸ್ಟೆಲ್ ಊಟ ಒಗ್ಗಲ್ಲ. ಭಾಷೆ ಬರಲ್ಲ. ಟಾರ್ಗೆಟ್ ಒತ್ತಡಕ್ಕೆ ಸೂಪರ್‌ವೈಸರ್ ಬೈಯುತ್ತಾರೆ. ಮನೆಯಲ್ಲಿ ಮದುವೆ ಮಾತು ಶುರುವಾಗುತ್ತೆ. ಅವರು ವಾಪಸ್ ಹೋದರೆ ತರಬೇತಿ ಕೆಟ್ಟದ್ದು ಅಂತಲೇ ಹೇಳೋದು ಸರಿಯಲ್ಲ, ನಮ್ಮಂಥ ಫ್ಯಾಕ್ಟರಿಗಳ ಪಾಲೂ ಇದೆ. ಹಾಗಾಗಿ ಸೆಂಟರ್ ಹೆಸರಿನ ಜೊತೆ ಕೆಲಸ ಕೊಟ್ಟ ಕಂಪನಿ ಹೆಸರನ್ನೂ ಪ್ರಕಟಿಸಲಿ. ಯಾವ ಕಂಪನಿಯಲ್ಲಿ ಒಂದು ವರ್ಷ ಉಳಿದವರು ಎಷ್ಟು ಅಂತ ಗೊತ್ತಾಗಲಿ.

ಹೊಲಿಗೆ_ಹುಡುಗಿ_ಮಂಡ್ಯ

ಎಚ್ಆರ್ ಮೇಡಂ ಹೇಳಿದ್ದು ನಿಜ. ಇನ್ನೊಂದು ಸೇರಿಸುತ್ತೇನೆ. ಸೇರುವ ಮೊದಲು ಕೈಗೆ ಎಷ್ಟು ಬರುತ್ತೆ ಅಂತ ಸೆಂಟರಿನಲ್ಲಿ ಯಾರೂ ಹೇಳಲ್ಲ. ಪಿಎಫ್, ಇಎಸ್‌ಐ, ಹಾಸ್ಟೆಲ್, ಊಟ ಹಿಡಿದುಕೊಂಡ ಮೇಲಿನ ಸಂಬಳ ಹೇಳಬೇಕು. ಅದನ್ನು ನೋಡಿದ ದಿನವೇ ಅರ್ಧ ಜನ ಮನಸ್ಸು ಮುರಿದುಕೊಳ್ಳುತ್ತಾರೆ.

ಉಜಿರೆ_ಕಡೆಯವರು

ಸ್ವಂತ ಉದ್ಯೋಗದ ಮಾತು ಇನ್ನೂ ಬಂದಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಶುರು ಮಾಡಿದವು. ಅದೇ ಮಾದರಿಯಲ್ಲಿ ಈಗ ದೇಶದ ಹೆಚ್ಚು ಕಡಿಮೆ ಎಲ್ಲಾ ಜಿಲ್ಲೆಗಳಲ್ಲೂ ಬ್ಯಾಂಕುಗಳು ಆರ್‌ಸೆಟಿ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ನಡೆಸುತ್ತವೆ. ತರಬೇತಿ ಕೆಲವೇ ವಾರ. ಅದಾದ ಮೇಲೆ ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸುವುದು ಪದ್ಧತಿ. ಅಂಗಡಿ ಇಟ್ಟರಾ, ಸಾಲ ಸಿಕ್ಕಿತಾ, ಕಂತು ಕಟ್ಟುತ್ತಿದ್ದಾರಾ ಅಂತ.

ಇಲ್ಲಿ ಅಳೆಯುವುದು "ನೆಲೆಗೊಂಡವರು" ಎಷ್ಟು ಅಂತ. ಕಲಬುರಗಿ ಸರ್ ಹೇಳಿದ ಮೋಟರ್ ರಿಪೇರಿ ಹುಡುಗ ಇಲ್ಲಿ ಲೆಕ್ಕಕ್ಕೆ ಬರುತ್ತಾನೆ. ತರಬೇತಿ ಕೊಟ್ಟವರೇ ಎರಡು ವರ್ಷ ಸಂಪರ್ಕದಲ್ಲಿ ಇರಬೇಕು ಅನ್ನುವ ಕಟ್ಟುಪಾಡು ಉಳಿದ ಯೋಜನೆಗಳಿಗೂ ಬರಲಿ.

ಪೀಣ್ಯ_ಫಿಟ್ಟರ್

ಸ್ವಂತ ಉದ್ಯೋಗ ಅನ್ನುವುದರಲ್ಲೂ ಜಾಗ್ರತೆ ಬೇಕು. ಕೆಲಸ ಸಿಗದವನನ್ನು "ಸ್ವಉದ್ಯೋಗಿ" ಅಂತ ಬರೆದು ಮುಗಿಸುವುದು ಸುಲಭ. ತಿಂಗಳಿಗೆ ಎಷ್ಟು ಗಳಿಸುತ್ತಾನೆ ಅಂತ ಕೇಳಲೇಬೇಕು.

ಆಡಿಟ್_ಅಜ್ಜ

ಕೊಲಂಬಸ್‌ನವರು ವೇತನ ದಾಖಲೆ ಅಂದರಲ್ಲ, ಅದು ನಮ್ಮಲ್ಲೂ ಇದೆ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಪಿಎಫ್ ಇದೆ. 2014ರಿಂದ ಪ್ರತಿಯೊಬ್ಬರಿಗೂ ಯುಎಎನ್ ಸಂಖ್ಯೆ ಇದೆ. ಕಂಪನಿ ಬದಲಾದರೂ ಆ ಸಂಖ್ಯೆ ಬದಲಾಗಲ್ಲ. 10 ಜನ ಇರುವ ಕಡೆ ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ. ತರಬೇತಿ ಪಡೆದವರ ಪಟ್ಟಿಯನ್ನು ಇಲಾಖೆಯ ಒಳಗೇ ಈ ದಾಖಲೆಗಳ ಜೊತೆ ತಾಳೆ ನೋಡಲಿ. ಯಾರ ಹೆಸರೂ ಹೊರಗೆ ಬರಬೇಕಿಲ್ಲ. ಸೆಂಟರಿಗೆ ಮೂರೇ ಅಂಕಿ ಸಾಕು: ಆರು ತಿಂಗಳಿಗೆ ಎಷ್ಟು ಜನ, ಹನ್ನೆರಡು ತಿಂಗಳಿಗೆ ಎಷ್ಟು ಜನ, ನಡುಮಟ್ಟದ ಸಂಬಳ ಎಷ್ಟು.

ಚಿಕ್ಕ ಗ್ಯಾರೇಜು, ಬ್ಯೂಟಿ ಪಾರ್ಲರ್, ಮನೆ ವೈರಿಂಗ್ ಇದರಲ್ಲಿ ಸಿಗಲ್ಲ. ಅವರಿಗೆ ಫೋನ್ ಮಾಡಿ ವಿಚಾರಿಸಬೇಕು. ಅದನ್ನು ಸೆಂಟರಿಗೆ ಬಿಡದೆ ಬೇರೆಯವರಿಂದ ಮಾಡಿಸಬೇಕು.

ಬ್ಯಾಚ್_ನಡೆಸಿದವ

ಇದು ಬಂದರೆ ಪ್ರಾಮಾಣಿಕ ಸೆಂಟರ್‌ಗಳು ಕೈ ಮುಗಿದು ಒಪ್ಪುತ್ತವೆ. ಫೈಲ್ ಅಪ್‌ಲೋಡ್ ಮಾಡುವ ಅರ್ಧ ತಲೆನೋವು ಹೋಗುತ್ತೆ.

ತುಂಗಾತೀರ

ಇಷ್ಟೆಲ್ಲಾ ಬದಲಾಗುವವರೆಗೆ ಕಾಯುತ್ತಾ ಕೂರಲು ಆಗಲ್ಲ. ನಮ್ಮ ಜಿಲ್ಲೆಗೆ ಈಗ ನಾನು ಏನು ಮಾಡಬಹುದು? ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ ಅಂತಿದ್ದೇನೆ.

ಆಡಿಟ್_ಅಜ್ಜ

ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತ ಇದೆ. ಹಾಗಾಗಿ ಕಥೆ ಬರೆಯಬೇಡಿ. ಅಭ್ಯರ್ಥಿಗಳ ಹೆಸರು ಕೇಳಬೇಡಿ, ಖಾಸಗಿ ಮಾಹಿತಿ ಅಂತ ತಿರಸ್ಕರಿಸುತ್ತಾರೆ. ಸಂಖ್ಯೆ ಮಾತ್ರ ಕೇಳಿ.

ಸೆಂಟರ್‌ವಾರು ಮತ್ತು ಕೋರ್ಸ್‌ವಾರು ಇಷ್ಟು ಕೇಳಿ: ಸೇರಿದವರು, ಮುಗಿಸಿದವರು, ಪಾಸಾದವರು, ಅದರಲ್ಲಿ ಆರ್‌ಪಿಎಲ್ ಎಷ್ಟು, ಕೆಲಸಕ್ಕೆ ಸೇರಿದವರು, ಆರು ತಿಂಗಳ ನಂತರ ವಿಚಾರಿಸಿದ್ದರೆ ಆ ವರದಿಯ ಪ್ರತಿ, ಸಂಸ್ಥೆಗೆ ಕೊಟ್ಟ ಹಣ ಕಂತುವಾರು. ಮೂರನೇ ಕಂತು ಎಷ್ಟು ಸೆಂಟರಿಗೆ ಹೋಗಿದೆ ಅಂತ ನೋಡಿದರೆ ಸಾಕಷ್ಟು ವಿಷಯ ಗೊತ್ತಾಗುತ್ತೆ.

ತರಬೇತಿದಾರ_ಕಲಬುರಗಿ

ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲರು ಅಂತ ಬೇರೆ ಬೇರೆ ಸಂಖ್ಯೆ ಕೇಳಿ ಸರ್. ಇಲ್ಲದಿದ್ದರೆ ಸುಲಭದ ಹುಡುಗರನ್ನೇ ಸೇರಿಸಿಕೊಂಡ ಸೆಂಟರ್ ಮೇಲೆ ಕಾಣುತ್ತೆ.

ಹೊಲಿಗೆ_ಹುಡುಗಿ_ಮಂಡ್ಯ

ಕೈಗೆ ಬಂದ ಸಂಬಳ ಅಂತ ಕೇಳಿ. ಆಫರ್ ಲೆಟರಿನ ಸಂಬಳ ಬೇರೆ ಇರುತ್ತೆ.

ತುಂಗಾತೀರ

ಎರಡನ್ನೂ ಸೇರಿಸಿದೆ. 150 ಪದ ದಾಟುತ್ತಿದೆ, ಹಣದ ಕಂತಿಗೆ ಬೇರೆ ಅರ್ಜಿ ಮಾಡುತ್ತೇನೆ. ಉತ್ತರ ಬಂದ ಮೇಲೆ ಸೆಂಟರ್‌ವಾರು ಪಟ್ಟಿ ಇಲ್ಲೇ ಹಾಕುತ್ತೇನೆ. ಬೇರೆ ಜಿಲ್ಲೆಯವರು ಯಾರಾದರೂ ಇದೇ ಅರ್ಜಿ ಹಾಕುವುದಾದರೆ ತಿಳಿಸಿ, ನಮೂನೆ ಕಳಿಸುತ್ತೇನೆ. ಪಕ್ಕದ ಜಿಲ್ಲೆಗಳ ಅಂಕಿ ಸಿಕ್ಕರೆ ಹೋಲಿಸಲು ಆಗುತ್ತೆ.

ತರಬೇತಿದಾರ_ಕಲಬುರಗಿ

ಕಲಬುರಗಿಗೆ ನಾನು ಹಾಕುತ್ತೇನೆ. ಯಾದಗಿರಿಯಲ್ಲಿ ಗೆಳೆಯರಿದ್ದಾರೆ, ಅವರಿಂದಲೂ ಹಾಕಿಸುತ್ತೇನೆ. ನಮೂನೆ ಕಳಿಸಿ.